ಸೊಳ್ಳೆಯಿಂದ ಮಿದುಳಿಗೆ ತಗಲುವ ಸೋಂಕು: ಪರೀಕ್ಷೆ ಯಾವುದು, ಯಾವ ದಿನ?

ಜಪಾನೀಸ್ ಎನ್ಸೆಫಲೈಟಿಸ್, ವೆಸ್ಟ್ ನೈಲ್, ಡೆಂಗಿ, ಚಿಕೂನ್‌ಗುನ್ಯಾ ವೈರಸ್‌ಗಳು ಮಿದುಳಿಗೆ ತಗಲಿದಾಗ ಅದನ್ನು ಪತ್ತೆ ಹಚ್ಚುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಿದ್ದೇವೆ. ಕೇಳಿದವರಲ್ಲಿ ರೋಗಿಗಳ ಮನೆಯವರಿದ್ದಾರೆ, ಲ್ಯಾಬ್ ತಂತ್ರಜ್ಞರಿದ್ದಾರೆ, ಕಿರಿಯ ವೈದ್ಯರೂ ಇದ್ದಾರೆ. ಜಪಾನೀಸ್ ಎನ್ಸೆಫಲೈಟಿಸನ್ನು ಮುಂದೆ ಜೆಇ ಎಂದೇ ಕರೆಯುತ್ತೇವೆ.

ಪ್ರಶ್ನೆ: ಜ್ವರ ಬಂದ ನಾಲ್ಕನೇ ದಿನ ರಕ್ತದಲ್ಲಿ ಜೆಇ ಪರೀಕ್ಷೆ ಮಾಡಿಸಿದರೆ ನೆಗೆಟಿವ್. ಹನ್ನೊಂದನೇ ದಿನ ಮಾಡಿಸಿದರೆ ಪಾಸಿಟಿವ್. ಮೊದಲ ಲ್ಯಾಬ್ ತಪ್ಪು ಮಾಡಿತೇ?

ತಪ್ಪು ಮಾಡಿರಲಿಕ್ಕಿಲ್ಲ. ಎರಡು ವರದಿಗಳೂ ಆಯಾ ದಿನದ ಮಟ್ಟಿಗೆ ಸರಿಯೇ ಇರಬಹುದು.

ಸೊಳ್ಳೆ ಕಚ್ಚಿದ ಮೇಲೆ ಜೆಇ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 15 ದಿನ ಬೇಕು. ಆ ಅವಧಿಯಲ್ಲಿ ವೈರಸ್ ರಕ್ತದಲ್ಲಿ ಅಲ್ಪಪ್ರಮಾಣದಲ್ಲಿ, ಅಲ್ಪಕಾಲ ಮಾತ್ರ ಇರುತ್ತದೆ. ಮಂಪರು, ಫಿಟ್ಸ್ ಶುರುವಾಗಿ ರೋಗಿ ಆಸ್ಪತ್ರೆ ಸೇರುವಷ್ಟರಲ್ಲಿ ಅದು ರಕ್ತ ಬಿಟ್ಟು ಮಿದುಳಿನ ಜೀವಕೋಶಗಳಲ್ಲಿ ನೆಲೆಯೂರಿರುತ್ತದೆ. ಹಾಗಾಗಿ ವೈರಸ್ಸನ್ನೇ ನೇರ ಹುಡುಕುವ ಪಿಸಿಆರ್ ಪರೀಕ್ಷೆ ಜೆಇ, ವೆಸ್ಟ್ ನೈಲ್ ಎರಡರಲ್ಲೂ ಹಲವು ಸಲ ಬರಿಗೈಯಲ್ಲಿ ಮರಳುತ್ತದೆ. ಪಿಸಿಆರ್ ಪಾಸಿಟಿವ್ ಬಂದರೆ ರೋಗ ಖಚಿತ, ನೆಗೆಟಿವ್ ಬಂದರೆ ಏನೂ ಖಚಿತವಲ್ಲ.

ಉಳಿಯುವ ದಾರಿ ಎಂದರೆ ವೈರಸ್ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯವನ್ನು ಎಲೈಸಾ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ಹುಡುಕುವುದು. ಜೆಇಯಲ್ಲಿ ಈ ಪ್ರತಿಕಾಯ ಜ್ವರ ಕಾಣಿಸಿದ 3ರಿಂದ 8 ದಿನದೊಳಗೆ ಅಳತೆಗೆ ಸಿಗತೊಡಗುತ್ತದೆ. ಬೆನ್ನುಹುರಿ ದ್ರವದಲ್ಲಿ (ಮಿದುಳು, ಬೆನ್ನುಹುರಿಯ ಸುತ್ತಲಿನ ನೀರು) ಮೊದಲು, ರಕ್ತದಲ್ಲಿ ಕೆಲವು ದಿನ ತಡವಾಗಿ. ನಾಲ್ಕನೇ ದಿನದ ರಕ್ತದಲ್ಲಿ ಅದು ಇಲ್ಲದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಮೊದಲ 10 ದಿನದೊಳಗಿನ ರಕ್ತ ನೆಗೆಟಿವ್ ಆಗಿದ್ದು ಅನುಮಾನ ಉಳಿದಿದ್ದರೆ ಮತ್ತೊಮ್ಮೆ ತೆಗೆಯಲೇಬೇಕು. ರಿಪೋರ್ಟಿನಲ್ಲಿ 'ನೆಗೆಟಿವ್' ಎಂಬುದರ ಪಕ್ಕ 'ಜ್ವರದ ಎಷ್ಟನೇ ದಿನದ ಮಾದರಿ' ಎಂದು ಬರೆಯದ ಲ್ಯಾಬ್‌ಗಳ ಮೇಲೆ ನಮಗೆ ಮುನಿಸಿದೆ. ಆದರೆ ಆ ದಿನವನ್ನು ಫಾರಂನಲ್ಲಿ ತುಂಬದೆ ಮಾದರಿ ಕಳಿಸುವ ವಾರ್ಡ್‌ಗಳದ್ದೇ ದೊಡ್ಡ ಪಾಲು.

ಪ್ರಶ್ನೆ: ಎಲ್ಲ ಜ್ವರದಲ್ಲೂ ತಲೆನೋವು, ಸುಸ್ತು ಇದ್ದೇ ಇರುತ್ತದೆ. ಮಿದುಳಿಗೆ ತಗಲಿದೆ ಎಂದು ಅನುಮಾನಿಸುವುದು ಯಾವಾಗ?

ನಡವಳಿಕೆ ಅಥವಾ ಪ್ರಜ್ಞೆ ಬದಲಾದಾಗ. ಕರೆದರೆ ತಡವಾಗಿ ಓಗೊಡುವುದು, ಅಸಂಬದ್ಧ ಮಾತು, ಮನೆಯವರ ಗುರುತು ಹತ್ತದಿರುವುದು, ಎಬ್ಬಿಸಿದರೂ ಮತ್ತೆ ಜಾರುವ ಮಂಪರು, ಹೊಸದಾಗಿ ಬಂದ ಫಿಟ್ಸ್, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು. ಎಳೆಮಕ್ಕಳಲ್ಲಿ ಹಾಲು ಬಿಡುವುದು, ಸಮಾಧಾನಕ್ಕೆ ಬಗ್ಗದ ಅಳು, ನೆತ್ತಿ ಉಬ್ಬುವುದು. ಜ್ವರದ ಜೊತೆ ಇವುಗಳಲ್ಲಿ ಒಂದು ಕಂಡರೂ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಬೇಕು.

ವೈದ್ಯರು ಬಳಸುವ ಮಾನದಂಡವೂ ಇದೇ ಜಾಡಿನದು. 2013ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ, ಬೇರೆ ಕಾರಣ ಸಿಗದೆ 24 ಗಂಟೆ ಅಥವಾ ಹೆಚ್ಚು ಕಾಲ ಪ್ರಜ್ಞೆ ಅಥವಾ ನಡವಳಿಕೆ ಬದಲಾಗಿರುವುದು ಮುಖ್ಯ ಲಕ್ಷಣ. ಅದರ ಜೊತೆ 72 ಗಂಟೆಯೊಳಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಫಿಟ್ಸ್, ಹೊಸ ನರದೌರ್ಬಲ್ಯ, ಬೆನ್ನುಹುರಿ ದ್ರವದಲ್ಲಿ ಘನ ಮಿಲಿಮೀಟರಿಗೆ 5 ಅಥವಾ ಹೆಚ್ಚು ಬಿಳಿ ರಕ್ತಕಣ, ಸ್ಕ್ಯಾನಿನಲ್ಲಿ ಬದಲಾವಣೆ, ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿಯಲ್ಲಿ ಬದಲಾವಣೆ, ಇವುಗಳಲ್ಲಿ ಎರಡಿದ್ದರೆ 'ಇರಬಹುದು', ಮೂರು ಅಥವಾ ಹೆಚ್ಚಿದ್ದರೆ 'ಬಹುಮಟ್ಟಿಗೆ ಇದೆ'. ಆ 24 ಗಂಟೆ ವರ್ಗೀಕರಣಕ್ಕೆ ಮಾತ್ರ. ಪರೀಕ್ಷೆ, ಚಿಕಿತ್ಸೆ ಶುರುಮಾಡಲು ಯಾರೂ ಒಂದು ದಿನ ಕಾಯಬಾರದು.

ಅನುಮಾನ ಬಂದ ಕೂಡಲೇ ಮಾಡಬೇಕಾದ ಪರೀಕ್ಷೆಯೂ ವೈರಸ್ಸಿನದ್ದಲ್ಲ. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ, ಆಮೇಲೆ ಸೋಡಿಯಂ, ಮಲೇರಿಯಾ ಇರುವ ಪ್ರದೇಶದವರಿಗೆ ಮಲೇರಿಯಾ ಸ್ಮಿಯರ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರನ್ನು ಮಿದುಳು ಜ್ವರ ಎಂದು ಎಂಆರ್‌ಐಗೆ ಕಳಿಸುವುದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ.

ಪ್ರಶ್ನೆ: ರಕ್ತ ಸಾಲದೇ? ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂದು ಮನೆಯಲ್ಲಿ ಒಪ್ಪುತ್ತಿಲ್ಲ.

ವಯಸ್ಕರಲ್ಲಿ ಬೆನ್ನುಹುರಿ ಮೊದಲ ಅಥವಾ ಎರಡನೇ ಸೊಂಟದ ಕಶೇರುಮಣಿಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, 3 ಮತ್ತು 4ರ ಅಥವಾ 4 ಮತ್ತು 5ರ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು ಮಾತ್ರ. ದೇಹದಲ್ಲಿ ಒಟ್ಟು ಸುಮಾರು 150 ಮಿಲಿಲೀಟರ್ ದ್ರವವಿದ್ದು, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ತೆಗೆದ 10 ಮಿಲಿಲೀಟರ್ ಕೆಲವೇ ಗಂಟೆಯಲ್ಲಿ ಭರ್ತಿಯಾಗುತ್ತದೆ. ಆಮೇಲೆ ಕೆಲವು ದಿನ ತಲೆನೋವು ಬರುವುದುಂಟು. ಮೊಂಡು ತುದಿಯ ತೆಳು ಸೂಜಿ ಬಳಸಿದರೆ ಅದೂ ಕಡಿಮೆ.

ನಿಜವಾದ ಅಪಾಯ ಇರುವುದು ಬೇರೆಡೆ. ತಲೆಬುರುಡೆಯೊಳಗೆ ಬಾವು ಅಥವಾ ಗಡ್ಡೆಯಿಂದ ಒತ್ತಡ ಏರಿದ್ದಾಗ ಕೆಳಗಿನಿಂದ ದ್ರವ ತೆಗೆದರೆ ಮಿದುಳು ಕೆಳಕ್ಕೆ ಜರುಗಬಹುದು. ಆದ್ದರಿಂದ ಪ್ರಜ್ಞೆ ತೀರಾ ಕುಸಿದಿದ್ದರೆ, ಒಂದು ಪಾರ್ಶ್ವ ಬಲ ಕಳೆದುಕೊಂಡಿದ್ದರೆ, ಕಣ್ಣಿನ ಹಿಂಭಾಗದ ನರ ಊದಿದ್ದರೆ ಅಥವಾ ಫಿಟ್ಸ್ ನಿಲ್ಲದಿದ್ದರೆ ಮೊದಲು ಸಿಟಿ ಸ್ಕ್ಯಾನ್. ಪ್ಲೇಟ್‌ಲೆಟ್ 40,000–50,000ಕ್ಕಿಂತ ಕೆಳಗಿದ್ದರೂ, ರಕ್ತ ತೆಳುಮಾಡುವ ಔಷಧಿ ನಡೆಯುತ್ತಿದ್ದರೂ ತಡೆಯಬೇಕು. ಡೆಂಗಿ ಮಿದುಳಿಗೇರಿದಾಗ ಈ ಕಾರಣಕ್ಕೇ ದ್ರವ ಸಿಗದೆ ಹೋಗುತ್ತದೆ. ಆಗ ರಕ್ತದ ಎನ್‌ಎಸ್1 (ಡೆಂಗಿ ವೈರಸ್ಸಿನ ಪ್ರೋಟೀನ್ ಹುಡುಕುವ ಪರೀಕ್ಷೆ), ಪಿಸಿಆರ್, ಐಜಿಎಂ ಮತ್ತು ಎಂಆರ್‌ಐ ನಂಬಿ ಮುಂದುವರಿಯಬೇಕಾಗುತ್ತದೆ.

ರಕ್ತ ಏಕೆ ಸಾಲದು ಎಂದರೆ, ಜೆಇ ವೈರಸ್ ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗಷ್ಟೇ ತೀವ್ರ ರೋಗ. ವೆಸ್ಟ್ ನೈಲ್‌ನಲ್ಲಿ ಸುಮಾರು 150ರಲ್ಲಿ ಒಬ್ಬರಿಗೆ ನರಮಂಡಲದ ತೊಂದರೆ. ಉಳಿದವರ ರಕ್ತದಲ್ಲೂ ಐಜಿಎಂ ಇರುತ್ತದೆ. ವೈರಸ್ ಹರಡಿರುವ ಋತುವಿನಲ್ಲಿ ಕ್ಷಯದ ಮಿದುಳುಪೊರೆ ಉರಿಯೂತದಿಂದ ಮಲಗಿದವರ ರಕ್ತದಲ್ಲೂ ಆಕಸ್ಮಿಕವಾಗಿ ಜೆಇ ಐಜಿಎಂ ಸಿಗಬಹುದು. ಐಜಿಎಂ ಬಹಳ ದೊಡ್ಡ ಅಣು, ರಕ್ತದಿಂದ ಮಿದುಳಿನ ತಡೆಗೋಡೆ ದಾಟಿ ಸುಲಭವಾಗಿ ಬರಲಾರದು. ಅದು ಬೆನ್ನುಹುರಿ ದ್ರವದಲ್ಲಿ ಸಿಕ್ಕಿತೆಂದರೆ ಅಲ್ಲೇ ತಯಾರಾಗಿದೆ, ಕಾದಾಟ ಅಲ್ಲೇ ನಡೆದಿದೆ ಎಂದರ್ಥ. ಸೂಜಿ ರಕ್ತನಾಳಕ್ಕೆ ತಗಲಿ ದ್ರವಕ್ಕೆ ರಕ್ತ ಬೆರೆತಿದ್ದರೆ ಮಾತ್ರ ಈ ವಾದ ನಿಲ್ಲುವುದಿಲ್ಲ.

ಪ್ರಶ್ನೆ: ಲ್ಯಾಬ್ ತಂತ್ರಜ್ಞೆ ನಾನು. ದ್ರವ ಬಂದಾಗ ಯಾವ ಟ್ಯೂಬ್ ಎಲ್ಲಿಗೆ, ಯಾವುದನ್ನು ಫ್ರಿಜ್‌ನಲ್ಲಿಡಬೇಕು?

ವಾಡಿಕೆ ಹೀಗಿದೆ: ಮೊದಲ ಟ್ಯೂಬ್ ಪ್ರೋಟೀನ್, ಸಕ್ಕರೆಗೆ, ಎರಡನೆಯದು ಬ್ಯಾಕ್ಟೀರಿಯಾ ಹುಡುಕುವ ಗ್ರಾಂ ಸ್ಟೇನ್, ಕಲ್ಚರ್‌ಗೆ, ಮೂರನೆಯದು ಕಣಗಳ ಎಣಿಕೆಗೆ, ನಾಲ್ಕನೆಯದು ಪಿಸಿಆರ್, ಐಜಿಎಂಗೆ. ಸೂಜಿಯ ಗಾಯದ ರಕ್ತ ಮೊದಲ ಟ್ಯೂಬಿನಲ್ಲೇ ಹೆಚ್ಚಿರುವುದರಿಂದ ಅದರಲ್ಲಿ ಕಣ ಎಣಿಸಬೇಡಿ. ಮೊದಲನೆಯದು ಕೆಂಪಾಗಿ ನಾಲ್ಕನೆಯದು ತಿಳಿಯಾಗಿದ್ದರೆ ರಕ್ತ ಸೂಜಿಯದ್ದು. ಎಲ್ಲವೂ ಒಂದೇ ಸಮ ಕೆಂಪಾಗಿದ್ದರೆ ರಕ್ತಸ್ರಾವ ಅಥವಾ ಹರ್ಪಿಸ್ (ಸೊಳ್ಳೆಯಿಂದ ಬಾರದ, ಔಷಧಿಯಿರುವ ವೈರಸ್) ಸೋಂಕಿನ ಕಡೆ ಯೋಚಿಸಬೇಕು. ಬೆರೆತ ರಕ್ತಕ್ಕೆ ತಿದ್ದುಪಡಿ: ಪ್ರತಿ 500–1000 ಕೆಂಪು ಕಣಕ್ಕೆ ಒಂದು ಬಿಳಿ ಕಣ ಕಳೆಯಿರಿ, ಪ್ರತಿ 1000 ಕೆಂಪು ಕಣಕ್ಕೆ ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂ ಪ್ರೋಟೀನ್ ಕಳೆಯಿರಿ.

ಎಣಿಕೆ ಒಂದು ಗಂಟೆಯೊಳಗೆ ಮುಗಿಯಲಿ. ಕೋಣೆಯ ಉಷ್ಣತೆಯಲ್ಲಿ ನ್ಯೂಟ್ರೋಫಿಲ್‌ಗಳು (ಬ್ಯಾಕ್ಟೀರಿಯಾ ಸೋಂಕಿನಲ್ಲಿ ಹೆಚ್ಚುವ ಬಿಳಿ ಕಣಗಳು) ಬೇಗ ಒಡೆಯುತ್ತವೆ, ಎರಡು ಗಂಟೆ ಬಿಟ್ಟರೆ ಅರ್ಧದಷ್ಟು ಹೋಗಿರಬಹುದು. ಆಗ ಬ್ಯಾಕ್ಟೀರಿಯಾ ಸೋಂಕು ಕೂಡ ರಿಪೋರ್ಟಿನಲ್ಲಿ ವೈರಸ್‌ನಂತೆ ಕಾಣುತ್ತದೆ. ಕಲ್ಚರ್ ಟ್ಯೂಬನ್ನು ಫ್ರಿಜ್‌ಗೆ ಹಾಕಬಾರದು, ಮೆನಿಂಗೊಕಾಕಸ್‌ನಂಥ ಸೂಕ್ಷ್ಮ ಬ್ಯಾಕ್ಟೀರಿಯಾ ತಂಪಿಗೆ ಸಾಯುತ್ತವೆ. ವೈರಸ್ ಟ್ಯೂಬ್ ಇದಕ್ಕೆ ತದ್ವಿರುದ್ಧ: 2ರಿಂದ 8 ಡಿಗ್ರಿಯಲ್ಲಿಡಿ, ಪಿಸಿಆರ್ ತಡವಾಗುವುದಾದರೆ ಮೈನಸ್ 70ಕ್ಕೆ ಹಾಕಿ. ಇಡೀ ಮಾದರಿಯನ್ನು ಒಂದೇ ಟ್ಯೂಬಿನಲ್ಲಿ ಹೆಪ್ಪುಗಟ್ಟಿಸಬೇಡಿ. ಪ್ರತಿ ಪರೀಕ್ಷೆಗೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ನಾಶವಾಗುತ್ತದೆ. ಬಂದ ಕೂಡಲೇ ಸಣ್ಣ ಪಾಲುಗಳಾಗಿ ಹಂಚಿಡಿ. ರಕ್ತವನ್ನಂತೂ ಸೀರಂ (ಕಣಗಳಿಲ್ಲದ ತಿಳಿ ಭಾಗ) ಬೇರ್ಪಡಿಸದೆ ಫ್ರೀಜ್ ಮಾಡಲೇಬಾರದು. ಕೆಂಪು ಕಣ ಒಡೆದು ಎಲೈಸಾ ಓದು ಕೆಡುತ್ತದೆ.

ಸಿಕ್ಕಿದ್ದು ಒಂದೇ ಮಿಲಿಲೀಟರ್ ಎಂದಾದರೆ? ಮೊದಲು ಕಣಗಳ ಎಣಿಕೆ ಮತ್ತು ಕಲ್ಚರ್, ಉಳಿದದ್ದರಲ್ಲಿ ಹರ್ಪಿಸ್ ಪಿಸಿಆರ್, ಕೊನೆಗೆ ಐಜಿಎಂ. ಚಿಕಿತ್ಸೆ ಇರುವ ರೋಗಕ್ಕೆ ಮೊದಲ ಹನಿ.

ಪ್ರಶ್ನೆ: ದ್ರವದಲ್ಲಿ 120 ಕಣ, ಅದರಲ್ಲಿ 60% ನ್ಯೂಟ್ರೋಫಿಲ್, ಪ್ರೋಟೀನ್ 85, ಸಕ್ಕರೆ 62 (ಡೆಸಿಲೀಟರಿಗೆ ಮಿಲಿಗ್ರಾಂ). ನ್ಯೂಟ್ರೋಫಿಲ್ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಅಲ್ಲವೇ?

ಈ ಅಂಕಿಗಳಿಂದಲೇ ಹಾಗೆ ಹೇಳಲಾಗದು. ವೈರಸ್ ಸೋಂಕಿನಲ್ಲಿ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣದ್ದು ಮೇಲುಗೈ ಎಂಬುದು ನಿಜವಾದರೂ ಮೊದಲ ಒಂದೆರಡು ದಿನ ನ್ಯೂಟ್ರೋಫಿಲ್ ಹೆಚ್ಚಿರಬಹುದು. ವೆಸ್ಟ್ ನೈಲ್‌ನಲ್ಲಿ ಅದು ಇನ್ನೂ ಹೆಚ್ಚು ಕಾಲ ಎಳೆಯುತ್ತದೆ. ಪ್ರೋಟೀನ್ 45 ದಾಟಿ ಸ್ವಲ್ಪ ಏರಿರುವುದು ವೈರಸ್‌ಗೆ ಹೊಂದುತ್ತದೆ. ತೂಕದ ಸುಳಿವು ಸಕ್ಕರೆಯದ್ದು, ಆದರೆ ನಿಮ್ಮ ಪ್ರಶ್ನೆಯಲ್ಲಿ ಅರ್ಧ ಮಾತ್ರ ಇದೆ: ಅದೇ ಹೊತ್ತಿನ ರಕ್ತದ ಸಕ್ಕರೆ ಎಷ್ಟು? ರಕ್ತದಲ್ಲಿ 95 ಇದ್ದರೆ 62 ಎಂಬುದು ಸುಮಾರು ಮೂರನೇ ಎರಡು ಭಾಗ, ಸಹಜ. ಗ್ಲೂಕೋಸ್ ಡ್ರಿಪ್ ಹಾಕಿ ರಕ್ತದಲ್ಲಿ 220 ಆಗಿದ್ದರೆ ಅದೇ 62 ತೀರಾ ಕಡಿಮೆ; ಅನುಪಾತ 0.4ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಅಥವಾ ಕ್ಷಯವನ್ನು ಬಿಡುವಂತಿಲ್ಲ. ಸೂಜಿ ಹಾಕುವ ಮುನ್ನವೇ ರಕ್ತದ ಸಕ್ಕರೆ ತೆಗೆದಿಡುವುದು ಇದಕ್ಕೇ. ದ್ರವದ ಲ್ಯಾಕ್ಟೇಟ್ ಅಳೆಯುವ ಸೌಕರ್ಯವಿದ್ದರೆ ಬಳಸಿ: ಲೀಟರಿಗೆ 3.5 ಮಿಲಿಮೋಲ್‌ಗಿಂತ ಕಡಿಮೆಯಿದ್ದು, ಮೊದಲೇ ಆಂಟಿಬಯಾಟಿಕ್ ಕೊಟ್ಟಿಲ್ಲದಿದ್ದರೆ, ವೈರಸ್ ಕಡೆ ತಕ್ಕಡಿ ವಾಲುತ್ತದೆ.

ಕಲ್ಚರ್ ಫಲಿತಾಂಶ ಬರುವವರೆಗೆ ಆಂಟಿಬಯಾಟಿಕ್ ನಿಲ್ಲಿಸಬೇಡಿ.

ಪ್ರಶ್ನೆ: 14 ರೋಗಾಣುಗಳ ಪಿಸಿಆರ್ ಪ್ಯಾನೆಲ್ ಮಾಡಿಸಿದೆವು, ಎಲ್ಲವೂ ನೆಗೆಟಿವ್. ಅಂದಮೇಲೆ ಸೊಳ್ಳೆ ವೈರಸ್ ಅಲ್ಲ ತಾನೆ?

ಪಟ್ಟಿಯನ್ನು ಒಮ್ಮೆ ಓದಿ. ಮಿದುಳು ಸೋಂಕಿಗೆಂದು ವ್ಯಾಪಕವಾಗಿ ಬಳಕೆಯಲ್ಲಿರುವ 14 ರೋಗಾಣುಗಳ ಪ್ಯಾನೆಲ್‌ನಲ್ಲಿ ಬ್ಯಾಕ್ಟೀರಿಯಾಗಳು, ಹರ್ಪಿಸ್ ಕುಟುಂಬ, ಎಂಟೆರೊವೈರಸ್, ಪ್ಯಾರೆಕೊವೈರಸ್, ಕ್ರಿಪ್ಟೊಕಾಕಸ್ ಇವೆ. ಜೆಇ ಇಲ್ಲ, ವೆಸ್ಟ್ ನೈಲ್ ಇಲ್ಲ, ಡೆಂಗಿಯೂ ಇಲ್ಲ. ಹುಡುಕದ್ದು ಸಿಗುವುದಿಲ್ಲ. ಐಜಿಎಂ ಎಲೈಸಾ ಬೇರೆಯಾಗಿ ಬರೆದು ಕಳಿಸಬೇಕು.

ಪ್ರಶ್ನೆ: ಎಂಆರ್‌ಐ ನಾರ್ಮಲ್ ಎಂದು ಬಂದಿದೆ. ನೆಮ್ಮದಿಯಾಗಿರಬಹುದೇ?

ಇಲ್ಲ. ವೆಸ್ಟ್ ನೈಲ್‌ನಲ್ಲಿ ಮೊದಲ ಎಂಆರ್‌ಐ ಎಷ್ಟೋ ಜನರಲ್ಲಿ ಸಹಜವಾಗಿಯೇ ಇರುತ್ತದೆ. ಸಿಟಿಯಂತೂ ಬಹುತೇಕ ಏನೂ ತೋರಿಸುವುದಿಲ್ಲ. ಅದರ ಕೆಲಸ ಗಡ್ಡೆ, ರಕ್ತಸ್ರಾವ ಇಲ್ಲವೆಂದು ಹೇಳುವುದು. ಎಂಆರ್‌ಐನಲ್ಲಿ ಬದಲಾವಣೆ ಕಂಡಾಗ ಅದು ಎಲ್ಲಿದೆ ಎಂಬುದೇ ಸುಳಿವು. ಮಿದುಳಿನ ಆಳದಲ್ಲಿರುವ ಎರಡೂ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ, ಸಬ್‌ಸ್ಟಾನ್ಷಿಯಾ ನೈಗ್ರಾ ಹೊಳೆದರೆ ಜೆಇ ಮೊದಲು ನೆನಪಾಗಬೇಕು. ಮುಖದ ಭಾವವೇ ಮಾಯವಾಗುವುದು, ಕೈನಡುಕ, ಬಿಗಿತ ಎಂದು ಜೆಇ ರೋಗಿಗಳಲ್ಲಿ ಕಾಣುವ ಪಾರ್ಕಿನ್ಸನ್ ತರಹದ ಲಕ್ಷಣಗಳಿಗೆ ಈ ಭಾಗಗಳಿಗಾದ ಹಾನಿಯೇ ಕಾರಣ. ಒಂದು ಬದಿಯ ಟೆಂಪೊರಲ್ (ಕಿವಿಯ ಬಳಿಯ) ಭಾಗ ಹೊಳೆದರೆ ಹರ್ಪಿಸ್. ಆದರೆ ಉತ್ತರ ಅಮೆರಿಕದ ಲಾ ಕ್ರಾಸ್ ಎಂಬ ಸೊಳ್ಳೆ ವೈರಸ್ ಮಕ್ಕಳಲ್ಲಿ ಇದೇ ವೇಷ ಹಾಕಬಲ್ಲದು. ಡಿಫ್ಯೂಷನ್ ಚಿತ್ರಗಳನ್ನು ಸೇರಿಸಿಯೇ ಸ್ಕ್ಯಾನ್ ಕೇಳಿ, ಬದಲಾವಣೆ ಬೇಗ ಸಿಗುವುದು ಅದರಲ್ಲಿ. ಫಿಟ್ಸ್ ನಿಂತಂತೆ ಕಂಡರೂ ಪ್ರಜ್ಞೆ ಮರಳದಿದ್ದರೆ ಇಇಜಿ ಮಾಡಿಸಿ: ಕೈಕಾಲು ಆಡದೆಯೇ ಮಿದುಳಿನಲ್ಲಿ ಫಿಟ್ಸ್ ಮುಂದುವರಿದಿರಬಹುದು.

ಪ್ರಶ್ನೆ: ಒಬ್ಬರೇ ರೋಗಿಯಲ್ಲಿ ಡೆಂಗಿ ಐಜಿಎಂ, ಜೆಇ ಐಜಿಎಂ ಎರಡೂ ಪಾಸಿಟಿವ್. ಎರಡು ರೋಗ ಒಟ್ಟಿಗೆ ಬಂದಿವೆಯೇ?

ಸಾಧ್ಯ, ಆದರೆ ಅಪರೂಪ. ಜೆಇ, ಡೆಂಗಿ, ವೆಸ್ಟ್ ನೈಲ್, ಜೀಕಾ, ಸೇಂಟ್ ಲೂಯಿಸ್ ಎಲ್ಲವೂ ಫ್ಲೇವಿವೈರಸ್ ಎಂಬ ಒಂದೇ ವಂಶದವು. ಹೊರಕವಚದ ಪ್ರೋಟೀನ್ ಬಹಳಷ್ಟು ಹೋಲುವುದರಿಂದ ಒಂದರ ಪ್ರತಿಕಾಯ ಇನ್ನೊಂದರ ಎಲೈಸಾದಲ್ಲೂ ಅಂಟುತ್ತದೆ. 1999ರ ಬೇಸಿಗೆಯ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಇದೇ ಗೊಂದಲವಾಯಿತು. ಎಲೈಸಾ ನೋಡಿ ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದು ಘೋಷಿಸಿದರು. ಅದೇ ಹೊತ್ತಿಗೆ ಕಾಗೆಗಳೂ ಬ್ರಾಂಕ್ಸ್ ಮೃಗಾಲಯದ ಹಕ್ಕಿಗಳೂ ಸಾಯುತ್ತಿದ್ದವು. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಹಾಗೆ ಕೊಲ್ಲುವುದಿಲ್ಲ. ಹಕ್ಕಿಗಳ ಮಾದರಿಯಿಂದ ವೈರಸ್ಸನ್ನೇ ಬೇರ್ಪಡಿಸಿದಾಗ ಅದು ಪಶ್ಚಿಮ ಗೋಳಾರ್ಧದಲ್ಲಿ ಅದುವರೆಗೆ ಕಂಡಿರದ ವೆಸ್ಟ್ ನೈಲ್ ಎಂದು ಗೊತ್ತಾಯಿತು.

ಬಿಡಿಸುವ ಕ್ರಮ ಹೀಗೆ. ಮೊದಲು, ಎರಡೂ ಎಲೈಸಾಗಳನ್ನು ಒಂದೇ ಮಾದರಿಯ ಮೇಲೆ ಒಟ್ಟಿಗೆ ನಡೆಸಿ, ಯಾವುದರ ಓದು ಸ್ಪಷ್ಟವಾಗಿ ಹೆಚ್ಚಿದೆ ನೋಡುವುದು. ಬೆನ್ನುಹುರಿ ದ್ರವದಲ್ಲಿ ಒಂದೇ ಪಾಸಿಟಿವ್ ಇದ್ದರೆ ಅದಕ್ಕೆ ಹೆಚ್ಚು ಬೆಲೆ. ಖಚಿತ ತೀರ್ಮಾನಕ್ಕೆ ಪ್ಲಾಕ್ ನ್ಯೂಟ್ರಲೈಸೇಷನ್ ಪರೀಕ್ಷೆ. ಇದರಲ್ಲಿ ಸೀರಮ್ಮನ್ನು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿ, 10ರಲ್ಲಿ 1, 20ರಲ್ಲಿ 1, 40ರಲ್ಲಿ 1 ಹೀಗೆ ತೆಳುಗೊಳಿಸುತ್ತಾ ಹೋಗಿ, ಪ್ರತಿ ಹಂತಕ್ಕೂ ಗೊತ್ತಾದ ಪ್ರಮಾಣದ ಜೀವಂತ ವೈರಸ್ ಬೆರೆಸಿ, ಜೀವಕೋಶಗಳ ಹಾಸಿನ ಮೇಲೆ ಸುರಿಯುತ್ತಾರೆ. ವೈರಸ್ ಕೊಂದ ಜಾಗದಲ್ಲಿ ಕೆಲವು ದಿನಗಳಲ್ಲಿ ತೂತು ಬೀಳುತ್ತದೆ. ತೂತುಗಳನ್ನು 90% ತಗ್ಗಿಸುವ ಕೊನೆಯ ಹಂತವೇ ಟೈಟರ್. ಒಂದು ವೈರಸ್ ವಿರುದ್ಧದ ಟೈಟರ್ ಇನ್ನೊಂದಕ್ಕಿಂತ ನಾಲ್ಕು ಪಟ್ಟು ಅಥವಾ ಹೆಚ್ಚಿದ್ದರೆ ಅಪರಾಧಿ ಅದೇ. ಜೀವಂತ ವೈರಸ್ ಬೇಕಾದ್ದರಿಂದ ಉನ್ನತ ಸುರಕ್ಷತೆಯ ಲ್ಯಾಬ್‌ಗಳಲ್ಲಿ ಮಾತ್ರ ಸಾಧ್ಯ, ಒಂದು ವಾರವಾದರೂ ಹಿಡಿಯುತ್ತದೆ. ಹಿಂದೆ ಡೆಂಗಿ ಬಂದು ಹೋದವರಲ್ಲಿ ಹೊಸ ಫ್ಲೇವಿವೈರಸ್ ತಗಲಿದಾಗ ದೇಹ ಹಳೆಯ ಡೆಂಗಿ ಪ್ರತಿಕಾಯವನ್ನೇ ಮೊದಲು ಉಕ್ಕಿಸುವುದುಂಟು. ಅಂಥವರಲ್ಲಿ ಈ ಪರೀಕ್ಷೆಯೂ ಎಡವುತ್ತದೆ. 'ಫ್ಲೇವಿವೈರಸ್ ಸೋಂಕು, ಯಾವುದೆಂದು ಬಿಡಿಸಲಾಗಿಲ್ಲ' ಎಂದು ಬರೆಯುವ ಲ್ಯಾಬ್ ತಪ್ಪಿಸಿಕೊಳ್ಳುತ್ತಿಲ್ಲ, ಪ್ರಾಮಾಣಿಕವಾಗಿದೆ.

ಚಿಕೂನ್‌ಗುನ್ಯಾ ಆಲ್ಫಾವೈರಸ್ ಗುಂಪಿನದು, ಈ ಗೋಜಲಿಗೆ ಸೇರುವುದಿಲ್ಲ.

ಪ್ರಶ್ನೆ: ಮಗುವಿಗೆ ಐದು ವಾರದ ಹಿಂದೆ ಜೆಇ ಲಸಿಕೆ ಹಾಕಿಸಿದ್ದೆವು. ಈಗ ರಕ್ತದಲ್ಲಿ ಐಜಿಎಂ ಪಾಸಿಟಿವ್.

ಅದು ಲಸಿಕೆಯದ್ದಿರಬಹುದು. ರಕ್ತದ ಫಲಿತಾಂಶವನ್ನು ಬದಿಗಿಟ್ಟು ಬೆನ್ನುಹುರಿ ದ್ರವದ ಐಜಿಎಂ ನೋಡಬೇಕು. ನಿಜವಾದ ಸೋಂಕಿನ ಐಜಿಎಂ ಕೂಡ 30ರಿಂದ 90 ದಿನ, ಕೆಲವೊಮ್ಮೆ ಹೆಚ್ಚು ಕಾಲ ಉಳಿಯುತ್ತದೆ. ವೆಸ್ಟ್ ನೈಲ್‌ನಲ್ಲಂತೂ ಕೆಲವರ ರಕ್ತದಲ್ಲಿ ಒಂದು ವರ್ಷ ದಾಟಿಯೂ ಸಿಕ್ಕಿದೆ. ಜೆಇ, ಹಳದಿ ಜ್ವರದ ಲಸಿಕೆಗಳ ದಿನಾಂಕವನ್ನು ಫಾರಂನಲ್ಲಿ ಬರೆಯಿರಿ.

ಪ್ರಶ್ನೆ: ಜ್ವರದ ಮೂರನೇ ದಿನ ಒಂದು ಕಾಲು ಪೂರ್ತಿ ಸೋತಿತು, ಸ್ಪರ್ಶಜ್ಞಾನ ಸರಿಯಿದೆ. ಗಿಲಾನ್-ಬಾರೆ (ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ) ಎನ್ನುತ್ತಿದ್ದಾರೆ.

ಪೋಲಿಯೋ ತರಹದ ಪಾರ್ಶ್ವವಾಯುವನ್ನು ವೆಸ್ಟ್ ನೈಲ್, ಜೆಇ ಎರಡೂ ತರುತ್ತವೆ. ಅವು ಬೆನ್ನುಹುರಿಯ ಮುಂಭಾಗದ ಚಾಲಕ ನರಕೋಶಗಳನ್ನೇ ಹೊಡೆಯುವುದರಿಂದ ಬಲ ಹೋಗುತ್ತದೆ, ಸ್ಪರ್ಶ ಉಳಿಯುತ್ತದೆ. ಒಂದೇ ಬದಿ, ಜ್ವರ ಇರುವಾಗಲೇ, ಒಂದೆರಡು ದಿನದಲ್ಲಿ ತುದಿ ಮುಟ್ಟುತ್ತದೆ. ಗಿಲಾನ್-ಬಾರೆ ಸಾಮಾನ್ಯವಾಗಿ ಸೋಂಕು ಇಳಿದ ಒಂದರಿಂದ ನಾಲ್ಕು ವಾರಕ್ಕೆ, ಎರಡೂ ಕಾಲಲ್ಲಿ ಜೋಮು ಸಮೇತ ಶುರುವಾಗಿ ಮೇಲೇರುತ್ತದೆ. ಬೆನ್ನುಹುರಿ ದ್ರವ ಇಲ್ಲಿ ನಿರ್ಣಾಯಕ: ಪ್ರೋಟೀನ್ ಏರಿ ಕಣ ಏರದಿದ್ದರೆ ಗಿಲಾನ್-ಬಾರೆ, ಎರಡೂ ಏರಿದ್ದರೆ ವೈರಸ್ ಹುಡುಕಿ. ನರವಹನ ಪರೀಕ್ಷೆಯಲ್ಲಿ ಸ್ಪರ್ಶನರ ಸರಿಯಾಗಿದ್ದು ಚಾಲಕ ಸಂಕೇತ ಮಾತ್ರ ಕುಗ್ಗಿದ್ದರೂ ಅದೇ ದಿಕ್ಕು. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿಯಲ್ಲಿ ಬದಲಾವಣೆಗಳು ಕಾಣಲು ಎರಡು ಮೂರು ವಾರ ಬೇಕು, ಮೊದಲ ವಾರದ ಸಹಜ ಇಎಂಜಿಗೆ ಅರ್ಥವಿಲ್ಲ.

ಪ್ರಶ್ನೆ: ಈ ವೈರಸ್‌ಗಳಿಗೆ ಔಷಧಿಯೇ ಇಲ್ಲ ಎನ್ನುತ್ತಾರೆ. ಮತ್ತೆ ಇಷ್ಟೆಲ್ಲ ಪರೀಕ್ಷೆ ಏಕೆ?

ಇದೇ ಲಕ್ಷಣಗಳೊಂದಿಗೆ ಬರುವ ಬೇರೆ ಕಾಯಿಲೆಗಳಿಗೆ ಔಷಧಿ ಇದೆ. ಹರ್ಪಿಸ್‌ಗೆ ಅಸೈಕ್ಲೊವಿರ್, ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್, ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಮಿದುಳು ಮಲೇರಿಯಾಕ್ಕೆ ಆರ್ಟೆಸುನೇಟ್, ಕ್ಷಯಕ್ಕೆ ಅದರದೇ ಔಷಧಿಗಳು, ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬಿದ್ದಿದ್ದರೆ ಸ್ಟೀರಾಯ್ಡ್ ಅಥವಾ ಇಮ್ಯುನೊಗ್ಲೋಬ್ಯುಲಿನ್. ವಯಸ್ಕರಿಗೆ ಅಸೈಕ್ಲೊವಿರ್ ಕೆಜಿಗೆ 10 ಮಿಲಿಗ್ರಾಂನಂತೆ 8 ಗಂಟೆಗೊಮ್ಮೆ, ಮೂತ್ರಪಿಂಡದ ಸ್ಥಿತಿ ನೋಡಿ, ಅನುಮಾನ ಬಂದ ಕೆಲವೇ ಗಂಟೆಯಲ್ಲಿ ಶುರುವಾಗಬೇಕು. ಮೊದಲ 72 ಗಂಟೆಯ ಹರ್ಪಿಸ್ ಪಿಸಿಆರ್ ಸುಳ್ಳು ನೆಗೆಟಿವ್ ಬರಬಹುದು. ಲಕ್ಷಣ ಹೊಂದುತ್ತಿದ್ದರೆ 3ರಿಂದ 7 ದಿನದಲ್ಲಿ ಮತ್ತೆ ಮಾಡುವವರೆಗೆ ಔಷಧಿ ನಿಲ್ಲಿಸುವಂತಿಲ್ಲ. ಜೆಇ ಐಜಿಎಂ ದ್ರವದಲ್ಲಿ ಸ್ಪಷ್ಟವಾಗಿ ಪಾಸಿಟಿವ್ ಬಂದು ಹರ್ಪಿಸ್ ನೆಗೆಟಿವ್ ಆದರೆ, ಅದನ್ನು ನಿಲ್ಲಿಸುವ ಧೈರ್ಯ ಬರುತ್ತದೆ. ಬೇಡದ ಔಷಧಿ ನಿಲ್ಲಿಸುವುದೂ ಚಿಕಿತ್ಸೆಯೇ.

ಇನ್ನೊಂದು ಕಾರಣ ಊರಿನ ಮಟ್ಟದ್ದು. ಮಲೇಷ್ಯಾದಲ್ಲಿ 1998ರಲ್ಲಿ ಹಂದಿ ಸಾಕಣೆಗಾರರಲ್ಲಿ ಹಬ್ಬಿದ ಮಿದುಳು ಜ್ವರವನ್ನು ಮೊದಲು ಜೆಇ ಎಂದೇ ತಿಳಿದು ಸೊಳ್ಳೆಗೆ ಹೊಗೆ ಹಾಕಿದರು, ಜನರಿಗೆ ಲಸಿಕೆ ಕೊಟ್ಟರು. ಆದರೆ ಬಿದ್ದವರು ಮಕ್ಕಳಲ್ಲ, ಹಂದಿಗಳ ನಡುವೆ ದುಡಿಯುವ ವಯಸ್ಕ ಗಂಡಸರು. ಲಸಿಕೆ ಪಡೆದವರೂ ಮಲಗಿದರು. ಹಂದಿಗಳೇ ಕಾಯಿಲೆ ಬಿದ್ದವು. 1999ರ ಮಾರ್ಚ್‌ನಲ್ಲಿ ಅದು ನಿಪಾ ಎಂಬ ಹೊಸ ವೈರಸ್ ಎಂದು ತಿಳಿಯಿತು. ಅಲ್ಲಿ ದಾಖಲಾದ 265 ರೋಗಿಗಳಲ್ಲಿ 105 ಮಂದಿ ಸತ್ತರು. ಹಂದಿಗಳ ಸಾಗಾಟ ನಿಲ್ಲಿಸಬೇಕಾದಾಗ ಸೊಳ್ಳೆ ಹಿಂದೆ ಓಡಿದ್ದರಿಂದ ಕಳೆದುಹೋದ ತಿಂಗಳುಗಳವು.

ಪ್ರಶ್ನೆ: ಲಿಂಫೋಮಾ ಎಂಬ ಕ್ಯಾನ್ಸರಿಗೆ ರಿಟುಕ್ಸಿಮಾಬ್ ಔಷಧಿ ಪಡೆಯುತ್ತಿರುವವರಲ್ಲಿ ಐಜಿಎಂ ಎರಡು ಬಾರಿಯೂ ನೆಗೆಟಿವ್. ಕೈಬಿಡಬಹುದೇ?

ಬೇಡ. ಆ ಔಷಧಿ ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೇ ಅಳಿಸಿರುತ್ತದೆ, ಐಜಿಎಂ ಎಂದಿಗೂ ಬಾರದಿರಬಹುದು. ಅದೇ ಕಾರಣಕ್ಕೆ ವೈರಸ್ ಅವರಲ್ಲಿ ಹೆಚ್ಚು ದಿನ ಉಳಿಯುತ್ತದೆ. ಉಳಿದವರಲ್ಲಿ ಹೆಚ್ಚು ಉಪಯೋಗಕ್ಕೆ ಬಾರದ ಪಿಸಿಆರ್ ಇಲ್ಲಿ ಮೊದಲ ಆಯ್ಕೆ: ಬೆನ್ನುಹುರಿ ದ್ರವ, ರಕ್ತ ಎರಡರಲ್ಲೂ, ವೆಸ್ಟ್ ನೈಲ್ ಅನುಮಾನವಿದ್ದರೆ ಮೂತ್ರದಲ್ಲೂ. ಅದರಲ್ಲೂ ಸಿಗದಿದ್ದರೆ, ಮಾದರಿಯಲ್ಲಿರುವ ಆನುವಂಶಿಕ ವಸ್ತುವನ್ನೆಲ್ಲ ಓದುವ ಮೆಟಾಜೀನೋಮಿಕ್ ಸೀಕ್ವೆನ್ಸಿಂಗ್ ಕೇಳಿ ನೋಡಬಹುದು. ಈಚೆಗೆ ಇಮ್ಯುನೊಗ್ಲೋಬ್ಯುಲಿನ್ ಅಥವಾ ರಕ್ತ ಪಡೆದಿದ್ದರೆ ಅದನ್ನೂ ಲ್ಯಾಬ್‌ಗೆ ತಿಳಿಸಿ. ದಾನಿಯ ಐಜಿಜಿ (ಐಜಿಎಂ ನಂತರ ಬಂದು ದೀರ್ಘಕಾಲ ಉಳಿಯುವ ಪ್ರತಿಕಾಯ) ಇವರ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ.